ಕಟ್ಟುಕೊಡಗೆಯಿಂದ ಸಿಎಸ್‌ಆರ್‌ವರೆಗೆ: ರಾಮನಗರ ಸೀಮೆಯ ಒಂದು ಟಿಪ್ಪಣಿ

ಕೂಟಗಲ್ ಮತ್ತು ಬಿಡದಿ ಎರಡೂ ರಾಮನಗರ ತಾಲ್ಲೂಕಿನ ಹೋಬಳಿಗಳು. ದೊಡ್ಡ ಕಾರ್ಖಾನೆಗಳು ಬಂದು ಕೂತದ್ದು ಮಾತ್ರ ಬಿಡದಿಯಲ್ಲಿ. ಕಂಪನಿ ಕಾಯ್ದೆ 2013ರ 135ನೇ ಕಲಂ, ಕಂಪನಿಯು ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಖರ್ಚಿನಲ್ಲಿ ತಾನಿರುವ ಸ್ಥಳಕ್ಕೂ ಅದರ ಸುತ್ತಮುತ್ತಲಿಗೂ ಆದ್ಯತೆ ಕೊಡಬೇಕು ಎನ್ನುತ್ತದೆ. ಸುತ್ತಮುತ್ತ ಎಂದರೆ ಎಷ್ಟು ದೂರ ಎಂಬುದನ್ನು ಅದು ಹೇಳುವುದಿಲ್ಲ. ಕೂಟಗಲ್ ಕಡೆಯ ಹಳ್ಳಿಗಳು ಕಂಪನಿಯ ನೆರೆಹೊರೆಯೋ ಅಲ್ಲವೋ ಎಂಬುದು ಹೀಗೆ ಕಂಪನಿಯ ತೀರ್ಮಾನಕ್ಕೆ ಬಿಟ್ಟ ವಿಷಯ.

ಹಣವುಳ್ಳವರು ಊರಿಗೆ ಕೊಡುವುದು ಈ ಕಾಯ್ದೆಯಿಂದ ಶುರುವಾದದ್ದಲ್ಲ. ಹುಂಚದ ಪಟ್ಟಣಸ್ವಾಮಿ ನೊಕ್ಕಯ್ಯ ಶೆಟ್ಟಿ 11ನೇ ಶತಮಾನದಲ್ಲಿ ಬಸದಿಯ ಜೊತೆಗೆ ಕೆರೆಗಳನ್ನೂ ಕಟ್ಟಿಸಿದ. ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘಗಳು ಸರಕಿನ ಹೇರಿನ ಮೇಲೆ ತಾವೇ ತೆರಿಗೆ ಹಾಕಿಕೊಂಡು ಧರ್ಮಕಾರ್ಯಕ್ಕೆ ಬಿಟ್ಟದ್ದಕ್ಕೆ ಶಾಸನಗಳಿವೆ. ಇವುಗಳಲ್ಲಿ ನನಗೆ ಮುಖ್ಯವಾಗಿ ಕಾಣುವುದು ಕಟ್ಟುಕೊಡಗೆ, ಬಿತ್ತುವಟ್ಟಗಳ ಏರ್ಪಾಡು. ಕೆರೆ ಕಟ್ಟಿದವನಿಗೆ, ಅದನ್ನು ನೋಡಿಕೊಳ್ಳುವವನಿಗೆ ಆ ಕೆರೆಯ ಕೆಳಗಿನ ಗದ್ದೆಯಲ್ಲೇ ಪಾಲು. ಏರಿ ಒಡೆದರೆ ಮೊದಲು ಒಣಗುವುದು ಅವನದೇ ಬೆಳೆ. ಹೂಳೆತ್ತುವ ಖರ್ಚು ದತ್ತಿಯೊಳಗೇ ಅಡಕವಾಗಿತ್ತು, ಅವಧಿ ಆಚಂದ್ರಾರ್ಕ.

ಈ ಸೀಮೆಯ ಆಧುನಿಕ ಅಧ್ಯಾಯ ಟೊಯೋಟಾ ಕಿರ್ಲೋಸ್ಕರ್ ಮೋಟಾರ್‌ನದು. 1997ರಲ್ಲಿ ಸ್ಥಾಪನೆಯಾಗಿ 1999ರ ಕೊನೆಗೆ ಉತ್ಪಾದನೆ ಆರಂಭಿಸಿದ ಕಂಪನಿ, 2007ರಲ್ಲಿ ಹಳ್ಳಿಯ ಬಡ ಮಕ್ಕಳಿಗಾಗಿ ಬಿಡದಿಯಲ್ಲೇ ವಸತಿಸಹಿತ ತಾಂತ್ರಿಕ ತರಬೇತಿ ಸಂಸ್ಥೆ ತೆರೆಯಿತು. ಆಗ ಲಾಭದ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ ಖರ್ಚು ಮಾಡಬೇಕೆಂಬ ಕಡ್ಡಾಯವಿರಲಿಲ್ಲ. 135ನೇ ಕಲಂ ಜಾರಿಯಾದದ್ದು 2014ರ ಏಪ್ರಿಲ್ 1ಕ್ಕೆ. ಅದಕ್ಕೆ ಎರಡು ವಾರ ಮುಂಚೆಯಷ್ಟೇ ವೇತನದ ತಕರಾರಿನಲ್ಲಿ ಇದೇ ಕಾರ್ಖಾನೆಗೆ ಲಾಕೌಟ್ ಬಿದ್ದಿತ್ತು. ಸ್ವಂತ ಕಾರ್ಮಿಕರಿಗಷ್ಟೇ ಉಪಯೋಗವಾಗುವ ಖರ್ಚು ಸಿಎಸ್‌ಆರ್ ಎನಿಸಿಕೊಳ್ಳದು; ಗೇಟಿನ ಒಳಗಿನ ನ್ಯಾಯಕ್ಕೆ ಬೇರೆಯೇ ಕಾನೂನು. 2015ರಲ್ಲಿ ರಾಮನಗರದ ಸರ್ಕಾರಿ ಶಾಲೆಗಳಲ್ಲಿ ಶೌಚಾಲಯ ಬಳಕೆಯ ಅಭ್ಯಾಸ ಬೆಳೆಸುವ ಟೊಯೋಟಾದ 'ಎಬಿಸಿಡಿ' ಕಾರ್ಯಕ್ರಮ ಬಂತು. ಬರೀ ಕಟ್ಟಡವಲ್ಲದೆ ಅಭ್ಯಾಸವನ್ನೂ ಗುರಿಯಾಗಿಸಿದ್ದು ಅದರ ಹೆಚ್ಚುಗಾರಿಕೆ.

ಕಟ್ಟಿದ ಮೇಲಿನ ಕಥೆಯೇ ತೊಡಕಿನದು. ಹಳ್ಳಿಯ ಶುದ್ಧ ನೀರಿನ ಘಟಕವನ್ನೇ ನೋಡಿ: ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನ್ ತುಂಬುತ್ತದೆ. ನೀರು ಸೋಸುವ ಮೆಂಬ್ರೇನ್ ಕಟ್ಟಿಕೊಂಡ ದಿನ ನಾಣ್ಯಗಳ ದುಡ್ಡು ಹೊಸದಕ್ಕೆ ಸಾಲುವುದಿಲ್ಲ, ದುರಸ್ತಿ ಪಂಚಾಯ್ತಿಯ ತಲೆಗೆ ಬೀಳುತ್ತದೆ. 2021ರ ತಿದ್ದುಪಡಿಯಂತೆ 'ಚಾಲ್ತಿ ಯೋಜನೆ'ಯ ಆಯಸ್ಸು, ಆರಂಭದ ವರ್ಷ ಬಿಟ್ಟು, ಹೆಚ್ಚೆಂದರೆ ಮೂರು ವರ್ಷ. ಸಿಎಸ್‌ಆರ್ ಹಣದಲ್ಲಿ ಮಾಡಿದ ಆಸ್ತಿಯನ್ನು ಕಂಪನಿ ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ. ಆಸ್ತಿ ಊರಿನದಾಗುವುದು ಸರಿಯೇ, ಅದನ್ನು ಸಾಕುವ ಗದ್ದೆ ಮಾತ್ರ ಜೊತೆಗೆ ಬರುವುದಿಲ್ಲ.

ಪರಿಸರದ ಬಾಬ್ತಿನಲ್ಲಿ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ವೃಷಭಾವತಿ ನದಿ ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಬಿಡದಿ ಬಳಿಯ ಬೈರಮಂಗಲ ಕೆರೆಗೆ ತಂದು ಸುರಿಯುತ್ತದೆ. ಮೂರು ವರ್ಷದ ಯಾವ ಯೋಜನೆಯೂ ಅಲ್ಲಿನ ನೊರೆಯನ್ನು ಇಳಿಸಲಾರದು. ಸಸಿ ನೆಡುವುದು ಸುಲಭ, ಸಾಕುವುದೇ ಕಷ್ಟ. ಮಾಗಡಿ ತಾಲ್ಲೂಕಿನ ಹುಲಿಕಲ್‌ನ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಆಲದ ಸಸಿಗಳಿಗೆ ಕೊಡದಲ್ಲಿ ನೀರು ಹೊತ್ತದ್ದು ವರ್ಷಾನುಗಟ್ಟಲೆ.

ಪರಿಣಾಮ ಅಳೆಯುವ ನಿಯಮವೂ ಇದೆ. ಸರಾಸರಿ ಸಿಎಸ್‌ಆರ್ ಬಾಧ್ಯತೆ 10 ಕೋಟಿ ಅಥವಾ ಹೆಚ್ಚಿರುವ ಕಂಪನಿಗಳು, 1 ಕೋಟಿ ಅಥವಾ ಹೆಚ್ಚಿನ ಯೋಜನೆಗಳು ಮುಗಿದು ವರ್ಷವಾದ ಮೇಲೆ, ಸ್ವತಂತ್ರ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕು. ಹಳ್ಳಿಯೊಂದರ ಶೌಚಾಲಯವಾಗಲಿ ನೀರಿನ ಘಟಕವಾಗಲಿ ಬಿಡಿಬಿಡಿಯಾಗಿ ಆ ಮೊತ್ತ ಮುಟ್ಟುವುದು ಅಪರೂಪ.