ಕರ್ಮಕರರ ಗಣನೆಯೂ ಗೋಪ್ಯತೆಯೂ

ರಾಜ್ಯದಲ್ಲಿ ಯಾವ ಕಸುಬಿನವರು ಎಷ್ಟು ಮಂದಿ ಇರುವರೆಂಬುದನ್ನು ಅರಿಯದೆ ಕಾರ್ಯವಿಭಾಗವು ಸಾಧ್ಯವಾಗದೆಂಬ ವಿಚಾರವು ನೂತನವಾದುದಲ್ಲ. ಮೈಸೂರಿನ ಪ್ರಾಚ್ಯಪುಸ್ತಕ ಭಂಡಾರಕ್ಕೆ ಬಂದ ಓಲೆಪ್ರತಿಯಿಂದ ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿಯೇ ಇದು ವಿಶದವಾಗಿ ಉಕ್ತವಾಗಿದೆ. ಐದು ಅಥವಾ ಹತ್ತು ಗ್ರಾಮಗಳಿಗೆ ಒಬ್ಬನಂತೆ ನಿಯತನಾದ ಗೋಪನೆಂಬ ಅಧಿಕಾರಿಯು ಕರ್ಷಕರು, ಗೋರಕ್ಷಕರು, ವರ್ತಕರು, ಕುಶಲಕರ್ಮಿಗಳು, ಕೂಲಿಯವರು, ದಾಸರು ಇವರ ಸಂಖ್ಯೆಯನ್ನು ತಿಳಿದಿರತಕ್ಕದ್ದು. ಅಷ್ಟೇ ಅಲ್ಲದೆ ಒಂದೊಂದು ಮನೆತನದ ಸ್ತ್ರೀಪುರುಷರ ಕರ್ಮ, ಚರಿತ್ರ, ಜೀವನೋಪಾಯ, ವ್ಯಯಗಳನ್ನೂ ಅರಿತಿರತಕ್ಕದ್ದು. ಈ ಲೆಕ್ಕವನ್ನು ಗೃಹಸ್ಥವೇಷದ ಗೂಢಚಾರರು ಪರೀಕ್ಷಿಸಬೇಕೆಂದೂ ವಿಧಿಯಿದೆ. ಕರ್ಮದೊಡನೆ ಚರಿತ್ರವೂ ಒಂದೇ ಸಮಾಸದಲ್ಲಿ ಸೇರಿಕೊಂಡಿರುವುದು ಗಮನಾರ್ಹವಾಗಿದೆ. ಕಸುಬಿನ ಎಣಿಕೆಯು ನಡತೆಯ ಎಣಿಕೆಯಾಗಿ ಪರಿಣಮಿಸುವುದರ ಬೀಜವು ಅಲ್ಲಿಯೇ ಇದೆ. ಗೋಪ, ಗೋಪ್ಯ ಎಂಬ ಎರಡು ಶಬ್ದಗಳನ್ನೂ ರಕ್ಷಣಾರ್ಥಕವಾದ ಗುಪ್ ಧಾತುವಿನಿಂದ ಸಾಧಿಸಬಹುದಾದರೂ, ಕೌಟಿಲ್ಯನ ಗೋಪನು ರಕ್ಷಿಸುವುದು ರಾಜನ ಅರ್ಥವನ್ನೇ ಹೊರತು ಪ್ರಜೆಯ ಗೋಪ್ಯವನ್ನಲ್ಲ.

ಆ ಗೋಪರ ಕಡತಗಳು ಉಳಿದುಬಂದಿಲ್ಲ. ಕಾಯಿದೆಯೂ ಕಡತವೂ ಎರಡೂ ಉಳಿದಿರುವ ದೃಷ್ಟಾಂತಕ್ಕಾಗಿ ಫ್ರಾನ್ಸ್ ದೇಶವನ್ನು ನೋಡಬೇಕು. ಅಲ್ಲಿ 1803ರ ನಿಯಮದಂತೆ ಕೆಲಸಗಾರನು ‘ಲಿವ್ರೆ’ ಎಂಬ ಕಿರುಪುಸ್ತಕವನ್ನು ಹೊಂದಿರಬೇಕಾಗಿದ್ದಿತು. ಹೆಸರು, ವಯಸ್ಸು, ಜನ್ಮಸ್ಥಳ, ಚಹರೆ, ಕಸುಬು, ಯಜಮಾನನ ಹೆಸರು ಇವೆಲ್ಲವೂ ಅದರಲ್ಲಿ ಲಿಖಿತವಾಗುತ್ತಿದ್ದುವು. ಅದಿಲ್ಲದೆ ಊರಿಂದೂರಿಗೆ ಹೋಗುವವನು ಅಲೆಮಾರಿಯೆಂದು ದಂಡನೆಗೆ ಗುರಿಯಾಗುತ್ತಿದ್ದನು. ಯಜಮಾನನು ಪುಸ್ತಕವನ್ನು ತನ್ನಲ್ಲಿ ಇರಿಸಿಕೊಳ್ಳಬಹುದಾಗಿದ್ದಿತು. ಮುಂಗಡ ಪಡೆದವನು ಸಾಲ ತೀರುವವರೆಗೆ ಅದನ್ನು ಹಿಂದಕ್ಕೆ ಕೇಳುವಂತಿರಲಿಲ್ಲ. ಪುಸ್ತಕವಿಲ್ಲದವನಿಗೆ ಬೇರೆಡೆ ಕೆಲಸವೂ ಇಲ್ಲ. ಕಸುಬಿನ ಸಾಕ್ಷಿಯೇ ಕಾಲಿನ ಸಂಕೋಲೆಯಾಯಿತು. 1854ರ ಕಾಯಿದೆಯು ಎರಡು ತಿದ್ದುಪಡಿಗಳನ್ನು ಮಾಡಿತು: ಪುಸ್ತಕವು ಕೆಲಸಗಾರನ ಕೈಯಲ್ಲಿಯೇ ಇರತಕ್ಕದ್ದು; ಅದರಲ್ಲಿ ಅವನಿಗೆ ಅನುಕೂಲವಾಗಲಿ ಪ್ರತಿಕೂಲವಾಗಲಿ ಯಾವ ಟಿಪ್ಪಣಿಯನ್ನೂ ಬರೆಯಕೂಡದು. ನಿಂದೆಯನ್ನು ನಿಷೇಧಿಸುವುದು ಸುಲಭವಾಗಿ ತೋಚತಕ್ಕುದು. ಸ್ತುತಿಯನ್ನೂ ನಿಷೇಧಿಸಿದವನು ಸೂಕ್ಷ್ಮಜ್ಞನೇ ಸರಿ. ಹೊಗಳಿಕೆಗೆ ಎಡೆಯಿದ್ದಲ್ಲಿ ಮೌನವೇ ದೂಷಣೆಯಾಗುವುದಷ್ಟೆ. 1890ರಲ್ಲಿ ಈ ಪದ್ಧತಿಯು ರದ್ದಾಯಿತು.

ಜರ್ಮನಿಯಲ್ಲಿ ನಾಜಿಗಳ ಸರಕಾರವು 1935ರ ಫೆಬ್ರವರಿ 26ರ ಕಾಯಿದೆಯಿಂದ ಇಂತಹದೇ ಪುಸ್ತಕವನ್ನು ಜಾರಿಗೆ ತಂದಿತು. ಅದರ ಪ್ರತಿರೂಪವಾದ ಚೀಟಿಗಳು ಕಾರ್ಮಿಕ ಕಚೇರಿಗಳಲ್ಲಿ ಶೇಖರವಾದುವು. ಕೆಲಸಗಾರರನ್ನು ಯುಕ್ತವಾಗಿ ಹಂಚುವುದೇ ಉದ್ದೇಶವೆಂದು ಹೇಳಲಾಗಿದ್ದಿತು. 1938ರ ಜೂನ್ ತಿಂಗಳ ಆಜ್ಞೆಯಿಂದ ಜನರನ್ನು ಬಲಾತ್ಕಾರವಾಗಿ ಬೇರೆ ಕೆಲಸಗಳಿಗೆ ನಿಯೋಜಿಸುವ ಅಧಿಕಾರವು ಅದೇ ಕಚೇರಿಗಳಿಗೆ ಬಂದಿತು. ಅದೇ ದೇಶದಲ್ಲಿ, 1983ರ ಡಿಸೆಂಬರ್ 15ರಂದು, ಪಶ್ಚಿಮ ಜರ್ಮನಿಯ ಸಂವಿಧಾನ ನ್ಯಾಯಾಲಯವು ಜನಗಣತಿಯ ವಿವರಗಳನ್ನು ಊರಾಡಳಿತದ ನಿವಾಸಿಪಟ್ಟಿಗಳೊಡನೆ ತಾಳೆನೋಡಲು ಅವಕಾಶವಿತ್ತ ವಿಧಿಯನ್ನು ಅಸಿಂಧುವೆಂದು ತೀರ್ಮಾನಿಸಿತು. ಎಣಿಕೆಗಾಗಿ ಕೊಟ್ಟ ಮಾತು ಆಡಳಿತಕ್ಕೆ ಸಲ್ಲದೆಂಬುದು ಅದರ ತಾತ್ಪರ್ಯ.

ಭಾರತದಲ್ಲಿ, ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿದರು. 2021ರಲ್ಲಿ ಆರಂಭವಾದ ಇ-ಶ್ರಮ್ ಎಂಬ ದಾಖಲೆಯಲ್ಲಿ ಅಸಂಘಟಿತ ಕಾರ್ಮಿಕರ ಕಸುಬು, ಕೌಶಲಗಳು ನಮೂದಾಗುತ್ತಿವೆ. ನೌಕರರ ವಿಷಯದಲ್ಲಿಯಾದರೋ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ 7ನೆಯ ಪ್ರಕರಣವು ಉದ್ಯೋಗದ ಪ್ರಯೋಜನಗಳಿಗಾಗಿ ಪ್ರತ್ಯೇಕ ಸಮ್ಮತಿಯಿಲ್ಲದೆಯೂ ವಿವರಗಳನ್ನು ಬಳಸಬಹುದೆಂದು ಹೇಳುತ್ತದೆ. ಮುಂದಣ 11 ಮತ್ತು 12ನೆಯ ಪ್ರಕರಣಗಳಾದರೋ, ತನ್ನ ವಿವರವನ್ನು ತಿಳಿಯುವ ಹಾಗೂ ತಿದ್ದಿಸಿಕೊಳ್ಳುವ ಹಕ್ಕನ್ನು ಸಮ್ಮತಿಯಿತ್ತ ವಿವರಗಳಿಗೇ ಅನ್ವಯಿಸುತ್ತವೆ. ಈ ಮೂರನ್ನೂ ಕೂಡಿಸಿ ವಾಕ್ಯಾನ್ವಯ ಮಾಡಿದರೆ, ಸಮ್ಮತಿಯಿಲ್ಲದೆ ಸಂಗ್ರಹವಾದ ನೌಕರನ ಕೌಶಲಪಟ್ಟಿಯನ್ನು ಅವನು ಕೇಳಿ ನೋಡುವ ಹಕ್ಕು ಈ ಪ್ರಕರಣಗಳಿಂದ ಲಭಿಸುವುದಿಲ್ಲ. ಫ್ರಾನ್ಸಿನ ಕೆಲಸಗಾರನಿಗೆ 1854ರಲ್ಲಿ ತನ್ನ ಪುಸ್ತಕವು ಕೈಗೆ ಬಂದಿದ್ದಿತು.