ಫೋನೋ ಸ್ಟೇಜ್: ಒಳಗಿರೋದೇ ಸಾಕಾ, ಬೇರೆ ಡಬ್ಬಿ ಬೇಕಾ?

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಬಾಡಿಗೆಗಿರುವ ನನ್ನ ಗೆಳೆಯರಲ್ಲಿ ಟರ್ನ್‌ಟೇಬಲ್ ತಗೊಂಡವರೆಲ್ಲ ಒಂದಲ್ಲ ಒಂದು ದಿನ ಕೇಳೋ ಪ್ರಶ್ನೆ ಇದು. ಯಾರೋ ಅವರ ತಲೆಗೆ ಹುಳ ಬಿಟ್ಟಿರ್ತಾರೆ: 'ಒಳಗಿನ ಫೋನೋ ಸ್ಟೇಜ್ ದಂಡ, ಬೇರೆ ಹಾಕಿ.' ಅಂಗೈಯಗಲದ ಡಬ್ಬಿಗೆ ಒಂದು ತಿಂಗಳ ಬಾಡಿಗೆ ಸುರಿಯುವ ಮುಂಚೆ ಅದು ಮಾಡುವ ಕೆಲಸವೇನು ಅಂತ ನೋಡೋಣ.

ರೆಕಾರ್ಡಿನ ಗೆರೆಯಲ್ಲಿ ಮುಳ್ಳು ಓಡಿದಾಗ ಮೂವಿಂಗ್ ಮ್ಯಾಗ್ನೆಟ್, ಅಂದ್ರೆ ಎಂಎಂ ಕಾರ್ಟ್ರಿಜ್‌ನಿಂದ ಹೊರಡೋದು ಬರೀ 3ರಿಂದ 5 ಮಿಲಿವೋಲ್ಟ್. ಸಿಡಿ ಪ್ಲೇಯರ್ ಕೊಡೋದು ಸುಮಾರು 2 ವೋಲ್ಟ್. ಹಾಗಾಗಿ ಮೊದಲು ಸಿಗ್ನಲ್ಲನ್ನು ನೂರು ಪಟ್ಟು, ಅಂದ್ರೆ 40 ಡೆಸಿಬೆಲ್, ಹಿಗ್ಗಿಸಬೇಕು. ಎರಡನೇ ಕೆಲಸ ಇನ್ನೂ ಮುಖ್ಯ. ರೆಕಾರ್ಡ್ ಕೊರೆಯುವಾಗ ಬೇಸ್ ತಗ್ಗಿಸಿ, ಟ್ರೆಬಲ್ ಏರಿಸಿರ್ತಾರೆ. 20 ಹರ್ಟ್ಸ್‌ನಲ್ಲಿ ಸುಮಾರು 20 ಡೆಸಿಬೆಲ್ ಇಳಿಕೆ, 20 ಕಿಲೋಹರ್ಟ್ಸ್‌ನಲ್ಲಿ ಹತ್ತಿರಹತ್ತಿರ ಅಷ್ಟೇ ಏರಿಕೆ. ಇಲ್ಲದಿದ್ರೆ ಬೇಸ್‌ನ ಅಲೆಗಳು ಗೆರೆಯ ಜಾಗವನ್ನೆಲ್ಲ ತಿಂದುಬಿಡ್ತವೆ. ಫೋನೋ ಸ್ಟೇಜ್ ಇದನ್ನು ತಿರುಗುಮುರುಗು ಮಾಡುತ್ತೆ. ಈ ಲೆಕ್ಕಕ್ಕೆ ಆರ್‌ಐಎಎ ಅಂತ ಹೆಸರು. 1954ರಲ್ಲಿ ಉದ್ಯಮ ಒಪ್ಪಿಕೊಂಡ ಮಾನದಂಡ. ಪೀಣ್ಯದ ಪಕ್ಕ ಜಾಲಹಳ್ಳಿಯ ಬಿಇಎಲ್ ಶುರುವಾಗಿದ್ದೂ ಅದೇ ವರ್ಷ. ಮುಂದೆ ವಾಲ್ವ್, ಟ್ರಾನ್ಸಿಸ್ಟರ್ ತಯಾರಿಸಿದ ಕಾರ್ಖಾನೆ ಅದು.

ಈಗ ಈ ಕೆಲಸಕ್ಕೆ ಒಂದೆರಡು ಚಿಪ್ ಸಾಕು. ಎನ್‌ಇ5532 ಅನ್ನೋ ಹಳೇ ಆಪ್-ಆಂಪ್ ಅಚ್ಚುಕಟ್ಟಾದ ಎಂಎಂ ಸ್ಟೇಜ್ ಮಾಡುತ್ತೆ. ಅದನ್ನು ಮಾರುವ ಕಂಪನಿಗಳಲ್ಲೊಂದು 1985ರಲ್ಲೇ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್. ಎಸ್.ಪಿ. ರೋಡಲ್ಲಿ ಆ ಚಿಪ್ಪಿನ ಬೆಲೆ ಒಂದು ಮಸಾಲೆದೋಸೆಯಷ್ಟೂ ಆಗಲ್ಲ. ಹಾಗಾಗಿ 'ಒಳಗಿನದು' ಅಂದಮಾತ್ರಕ್ಕೆ ಕಳಪೆ ಅನ್ನೋ ಮಾತನ್ನು ನಾನು ಒಪ್ಪಲ್ಲ. ಆಂಪ್ಲಿಫೈಯರ್ ಒಳಗಿನ ಸ್ಟೇಜ್ ಎಷ್ಟೋ ಸಲ ಚೆನ್ನಾಗೇ ಇರುತ್ತೆ. ಅಗ್ಗದ ಟರ್ನ್‌ಟೇಬಲ್ ಒಳಗಿನದರ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ. ಆದ್ರೆ ಆಡಿಯೋ-ಟೆಕ್ನಿಕಾ ಎಲ್‌ಪಿ60ಎಕ್ಸ್ ಥರದ್ದರಲ್ಲಿ ಮುಳ್ಳು ಬದಲಾಯಿಸಬಹುದೇ ಹೊರತು ಕಾರ್ಟ್ರಿಜ್ ಅಲ್ಲ. ಅದಕ್ಕೆ ದುಬಾರಿ ಡಬ್ಬಿ ಜೋಡಿಸೋದು ದುಡ್ಡು ದಂಡ. ಹೊಸ ಮುಳ್ಳು ತಗೊಳ್ಳಿ.

ಹಾಗಾದ್ರೆ ಬೇರೆ ಡಬ್ಬಿ ಯಾರಿಗೆ ಬೇಕು? ಮೊದಲನೆಯದಾಗಿ ಮೂವಿಂಗ್ ಕಾಯಿಲ್ ಕಾರ್ಟ್ರಿಜ್ ಇರುವವರಿಗೆ. ಡೆನಾನ್ ಡಿಎಲ್-103 ಕೊಡೋದು 0.3 ಮಿಲಿವೋಲ್ಟ್, ಅದಕ್ಕೆ 60 ಡೆಸಿಬೆಲ್ ಆಸುಪಾಸಿನ ಗೇನ್ ಬೇಕು, ಬರೀ ಎಂಎಂ ಇರುವ ಸ್ಟೇಜಿಂದ ಆಗಲ್ಲ.

ಎರಡನೆಯದು ಅಷ್ಟಾಗಿ ಯಾರೂ ನೋಡದ ಸಂಗತಿ: ಕೆಪಾಸಿಟೆನ್ಸ್. ಆಡಿಯೋ-ಟೆಕ್ನಿಕಾ ವಿಎಂ95ಇ ಕಾರ್ಟ್ರಿಜ್‌ಗೆ ಒಟ್ಟು 100ರಿಂದ 200 ಪಿಕೋಫ್ಯಾರಡ್ ಇರಲಿ ಅಂತ ಅದರ ತಯಾರಕರೇ ಹೇಳ್ತಾರೆ. ಆಂಪ್ಲಿಫೈಯರ್‌ನ ಫೋನೋ ಇನ್‌ಪುಟ್‌ನಲ್ಲೇ 220 ಇದ್ದು, ಅದಕ್ಕೆ ಕೇಬಲ್ಲಿನ 100 ಸೇರಿದ್ರೆ ಮಿತಿ ಎಲ್ಲೋ ದಾಟಿಹೋಯ್ತು. ಆಗ ಮೇಲಿನ ಸ್ವರಗಳು ಉಬ್ಬಿ, ಎಸ್. ಜಾನಕಿ ಹಾಡಿನ 'ಸ'ಕಾರ ಸೀಟಿ ಹೊಡೆದಂಗೆ ಕೇಳುತ್ತೆ. ಜನ ಬೈಯೋದು ರೆಕಾರ್ಡನ್ನ. ಲೋಡಿಂಗ್ ಬದಲಾಯಿಸಬಹುದಾದ ಡಬ್ಬಿ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತೆ, ಆದ್ರೆ ಮೊದಲು ಗಿಡ್ಡ ಕೇಬಲ್ ಹಾಕಿ ನೋಡಿ.

ಇನ್ನು ತಾತನ ಕಾಲದ 78 ಆರ್‌ಪಿಎಂ ನಾಟಕದ ಹಾಡುಗಳು. ಅವು ಆರ್‌ಐಎಎಗಿಂತ ಹಳೆಯವಾದ್ರೆ ಒಂದೊಂದು ಕಂಪನಿಯದ್ದೂ ಒಂದೊಂದು ಲೆಕ್ಕ. ಸಾಮಾನ್ಯ ಸ್ಟೇಜಿನಲ್ಲಿ ನುಡಿಸಿದ್ರೆ ಬಣ್ಣ ತಪ್ಪುತ್ತೆ. ಈಕ್ವಲೈಸೇಷನ್ ಬದಲಾಯಿಸುವ ಸ್ವಿಚ್, ಮೋನೋ ಸ್ವಿಚ್ ಎರಡೂ ಇರುವ ಡಬ್ಬಿಗೆ ದುಡ್ಡು ಹಾಕೋದಾದ್ರೆ ನಾನಂತೂ ಬೇಡ ಅನ್ನಲ್ಲ. ಮನೆಯ ಅಟ್ಟದಲ್ಲಿರೋ ಅಂಥ ರೆಕಾರ್ಡ್ ಮತ್ತೆ ಎಲ್ಲೂ ಸಿಗದೇ ಇರಬಹುದು. 78ಕ್ಕೆ ದಪ್ಪ ಮುಳ್ಳೂ ಬೇಕು, ಮರೀಬೇಡಿ.

'ಗುಂಯ್' ಸದ್ದಿಗೆ ಮಾತ್ರ ಅವಸರದಲ್ಲಿ ಡಬ್ಬಿ ತರಬೇಡಿ. ಟರ್ನ್‌ಟೇಬಲ್ಲಿನ ಅರ್ತ್ ವೈರು ಆಂಪ್ಲಿಫೈಯರ್‌ಗೆ ಸೇರಿದೆಯಾ, ಗೋಡೆಯ ಮೂರು ಪಿನ್ ಸಾಕೆಟ್ಟಿಗೆ ನಿಜವಾಗ್ಲೂ ಅರ್ತಿಂಗ್ ಇದೆಯಾ ನೋಡಿ. ಬಾಡಿಗೆ ಮನೆಗಳಲ್ಲಿ ಎರಡನೆಯದನ್ನು ಎಲೆಕ್ಟ್ರಿಷಿಯನ್ ಕೈಲಿ ಪರೀಕ್ಷೆ ಮಾಡಿಸೋದೇ ಒಳ್ಳೇದು. ಕರೆಂಟ್ ಹೋದಾಗ, ಯುಪಿಎಸ್ ಮೇಲೆ ಮಾತ್ರ ಸದ್ದು ಬಂದ್ರೆ ತಪ್ಪು ಇನ್ವರ್ಟರಿನದ್ದಿರಬಹುದು. ಇಷ್ಟೆಲ್ಲ ಸರಿಯಿದ್ದೂ ಗುಂಯ್‌ಗುಟ್ಟಿದ್ರೆ, ಆಂಪ್ಲಿಫೈಯರ್‌ನ ಟ್ರಾನ್ಸ್‌ಫಾರ್ಮರ್‌ನಿಂದ ಒಂದಡಿ ದೂರ ಇಡಬಹುದಾದ ಬೇರೆ ಡಬ್ಬಿಗೆ ಅರ್ಥವಿದೆ.

ತಂದ್ಮೇಲೆ ಜೋಡಿಸುವಾಗ ಟರ್ನ್‌ಟೇಬಲ್ ಹಿಂದಿನ ಸ್ವಿಚ್ಚನ್ನು 'ಫೋನೋ'ಗೆ ತಳ್ಳಿ, ಡಬ್ಬಿಯ ವೈರನ್ನು ಆಂಪ್ಲಿಫೈಯರ್‌ನ 'ಆಕ್ಸ್'ಗೆ ಹಾಕಿ. ಅಲ್ಲೂ 'ಫೋನೋ'ಗೇ ಹಾಕಿದ್ರೆ ಎರಡೆರಡು ಸಲ ಹಿಗ್ಗಿ, ಹಾಡು ಒಡೆದು ಹರಿದಂತೆ ಕೇಳುತ್ತೆ. ಆ ಸ್ವಿಚ್ಚೇ ಇಲ್ಲದ ಟರ್ನ್‌ಟೇಬಲ್ ಆಗಿದ್ರೆ, ಒಳಗಿನ ಸ್ಟೇಜನ್ನು ದಾಟಿಹೋಗೋಕೆ ಸುಲಭದ ದಾರಿಯಿಲ್ಲ. ಅದನ್ನ ಅಂಗಡಿಯಲ್ಲೇ, ದುಡ್ಡು ಕೊಡುವ ಮುಂಚೆ ನೋಡ್ಕೊಳ್ಳಿ.