ಬಿ. ಸರೋಜಾದೇವಿ

ಬಿ. ಸರೋಜಾದೇವಿ (7 ಜನವರಿ 1938 – 14 ಜುಲೈ 2025): ಕನ್ನಡ, ತಮಿಳು, ತೆಲುಗು, ಹಿಂದಿ ಚಿತ್ರರಂಗಗಳ ಪ್ರಸಿದ್ಧ ನಟಿ. ಕನ್ನಡಿಗರಿಗೆ 'ಅಭಿನಯ ಸರಸ್ವತಿ', ತಮಿಳರಿಗೆ 'ಕನ್ನಡತ್ತು ಪೈಂಗಿಳಿ'. ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ ಸೀಮೆಯ ಚರಿತ್ರೆಗೆ ಅವರ ನಂಟು ಬೆಸೆದದ್ದು 'ಕಿತ್ತೂರು ಚೆನ್ನಮ್ಮ' (1961) ಚಿತ್ರದ ರಾಣಿಯ ಪಾತ್ರದಿಂದ.

ಆರಂಭ: ಬೆಂಗಳೂರಿನಲ್ಲಿ ಜನನ. ಪೂರ್ವಿಕರ ಊರು ಚನ್ನಪಟ್ಟಣ ತಾಲ್ಲೂಕಿನ ದಶವಾರ. ತಂದೆ ಭೈರಪ್ಪ ಪೊಲೀಸ್ ಇಲಾಖೆಯಲ್ಲಿದ್ದವರು, ತಾಯಿ ರುದ್ರಮ್ಮ. ಹೊನ್ನಪ್ಪ ಭಾಗವತರ್ ಅವರ 'ಮಹಾಕವಿ ಕಾಳಿದಾಸ' (1955) ಚಿತ್ರದಿಂದ ಬೆಳ್ಳಿತೆರೆಗೆ ಬಂದರು. ಬಿ.ಆರ್. ಪಂತುಲು ಅವರ 'ಸ್ಕೂಲ್ ಮಾಸ್ಟರ್' (1958) ಚಿತ್ರದಲ್ಲಿ ನಟಿಸಿದರು. ಅದೇ ವರ್ಷ ತೆರೆಕಂಡ, ಎಂ.ಜಿ. ರಾಮಚಂದ್ರನ್ ನಿರ್ದೇಶನದ 'ನಾಡೋಡಿ ಮನ್ನನ್' ಅವರನ್ನು ತಮಿಳಿನ ಮುಂಚೂಣಿಯ ನಾಯಕಿಯಾಗಿಸಿತು. ಹಿಂದಿಯಲ್ಲಿ ದಿಲೀಪ್ ಕುಮಾರ್ ಜೊತೆ 'ಪೈಗಾಮ್' (1959) ಚಿತ್ರದಲ್ಲಿ ಅಭಿನಯಿಸಿದರು.

ಕಿತ್ತೂರು ಚೆನ್ನಮ್ಮ: ಕಿತ್ತೂರಿನ ದೊರೆ ಮಲ್ಲಸರ್ಜ ದೇಸಾಯಿಯ ಪತ್ನಿ ಚೆನ್ನಮ್ಮ. ದೇಸಗತಿಗೆ ಮಾಡಿಕೊಂಡ ದತ್ತಕವನ್ನು ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಒಪ್ಪದಿದ್ದಾಗ ಆಕೆ ಯುದ್ಧಕ್ಕೆ ನಿಂತಳು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದ. ಡಿಸೆಂಬರಿನಲ್ಲಿ ಕೋಟೆ ಬ್ರಿಟಿಷರ ಕೈಸೇರಿತು. ಸೆರೆಯಾದ ರಾಣಿ ಬೈಲಹೊಂಗಲದಲ್ಲಿ 1829ರ ಫೆಬ್ರವರಿ 2ರಂದು ತೀರಿಕೊಂಡಳು. ಸಮಾಧಿ ಅಲ್ಲಿಯೇ ಇದೆ.

ಲಾವಣಿ, ನಾಟಕಗಳಲ್ಲಿ ಕಿತ್ತೂರು ಸೀಮೆಯ ಜನ ಕೇಳಿ, ನೋಡಿ ಬಲ್ಲ ಕಥೆಯನ್ನು ಪಂತುಲು ತೆರೆಗೆ ತಂದಾಗ ಸರೋಜಾದೇವಿಯವರಿಗೆ 23ರ ಪ್ರಾಯ. ಸೊಸೆಯಾಗಿ ಅರಮನೆಗೆ ಬಂದವಳು ಗಂಡನನ್ನು ಕಳೆದುಕೊಂಡು, ರಾಜ್ಯದ ಹೊಣೆ ಹೊತ್ತು, ಕತ್ತಿ ಹಿಡಿಯುವವರೆಗಿನ ದಾರಿ ಪಾತ್ರಕ್ಕಿತ್ತು. ಅದುವರೆಗೆ ಪ್ರಣಯದ ನಾಯಕಿಯಾಗಿಯೇ ಹೆಚ್ಚು ಪರಿಚಿತರಾಗಿದ್ದ ನಟಿಗೆ ಇದು ಬೇರೆಯದೇ ಪರೀಕ್ಷೆ. ಮಲ್ಲಸರ್ಜನಾಗಿ ರಾಜ್‌ಕುಮಾರ್, ಹಿರಿಯ ರಾಣಿ ರುದ್ರಮ್ಮನಾಗಿ ಲೀಲಾವತಿ ನಟಿಸಿದರು. ಟಿ.ಜಿ. ಲಿಂಗಪ್ಪ ಅವರ ಸಂಗೀತದಲ್ಲಿ ಎಸ್. ಜಾನಕಿ ಹಾಡಿದ ಅಕ್ಕಮಹಾದೇವಿಯ ವಚನ ಚಿತ್ರದಾಚೆಗೂ ಉಳಿಯಿತು. ಚಿತ್ರಕ್ಕೆ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಮನ್ನಣೆ ದೊರೆಯಿತು. ಮುಂದೆ 2012ರ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಚಿತ್ರದಲ್ಲಿ ಚೆನ್ನಮ್ಮನ ಪಾತ್ರವನ್ನು ಜಯಪ್ರದಾ ನಿರ್ವಹಿಸಿದರು.

ನಂತರದ ಚಿತ್ರಗಳು: ಕನ್ನಡದ ಮೊದಲ ಪೂರ್ಣ ವರ್ಣಚಿತ್ರ 'ಅಮರಶಿಲ್ಪಿ ಜಕಣಾಚಾರಿ' (1964), ಪುಟ್ಟಣ್ಣ ಕಣಗಾಲರ 'ಮಲ್ಲಮ್ಮನ ಪವಾಡ' (1969) ಮತ್ತು 'ಕಥಾಸಂಗಮ' (1976), ಚಿತ್ರಾಂಗದೆಯಾಗಿ ಕಾಣಿಸಿಕೊಂಡ 'ಬಭ್ರುವಾಹನ' (1977) ಮುಖ್ಯವಾದವು. ಮದುವೆಯಾದೊಡನೆ ನಾಯಕಿಯರು ತೆರೆಯಿಂದ ಸರಿಯುತ್ತಿದ್ದ ಕಾಲದಲ್ಲಿ, 1967ರಲ್ಲಿ ಶ್ರೀಹರ್ಷ ಅವರನ್ನು ವರಿಸಿದ ಮೇಲೂ ನಟನೆ ಮುಂದುವರಿಸಿದರು. 'ನಟಸಾರ್ವಭೌಮ' (2019) ಚಿತ್ರದಲ್ಲೂ ಕಾಣಿಸಿಕೊಂಡರು. ಒಟ್ಟು ಸುಮಾರು 200 ಚಿತ್ರಗಳಲ್ಲಿ ನಟಿಸಿದ್ದಾರೆ.

ಗೌರವ ಮತ್ತು ನಿಧನ: ಪದ್ಮಶ್ರೀ (1969), ಪದ್ಮಭೂಷಣ (1992) ಸಂದಿವೆ. ಬೆಂಗಳೂರಿನ ಮಲ್ಲೇಶ್ವರದ ಮನೆಯಲ್ಲಿ ನಿಧನರಾದರು. ಕಣ್ಣುಗಳನ್ನು ದಾನ ಮಾಡಲಾಯಿತು. ಸಕಲ ಸರ್ಕಾರಿ ಗೌರವದೊಂದಿಗೆ ದಶವಾರದಲ್ಲಿ ಅಂತ್ಯಸಂಸ್ಕಾರ ನಡೆಯಿತು.